ಮೂವತ್ತೊಂದನೇ ಸೀಟು

ಸಿಂಧನೂರಿನ ಹಳೇ ಬಸ್ ಸ್ಟ್ಯಾಂಡಿನ ಹಿಂದೆ
ಟೈಲರ್ ಅಂಗಡಿಯ ಅರ್ಧ ಕೌಂಟರು ನನ್ನ ಆಫೀಸು.
ಅತ್ತ ಅವನು ಜಂಪರಿಗೆ ಅಳತೆ ಹಿಡಿಯುತ್ತಾನೆ,
ಇತ್ತ ನಾನು ರಾಮೇಶ್ವರಕ್ಕೆ.
ಒಂಬತ್ತು ದಿನ, ಊಟ ವಸತಿ ಸೇರಿ,
ಬಿಸಿನೀರಿಗೆ ಬೇರೆ.

ಬರುತ್ತೇನೆಂದವರು ಎಪ್ಪತ್ತು ಮಂದಿ,
ಅಡ್ವಾನ್ಸ್ ಕೊಟ್ಟವರು ಇಪ್ಪತ್ತೆರಡು,
ಹೊರಡುವ ರಾತ್ರಿ ಚೀಲ ಹಿಡಿದು ನಿಂತವರು ಐವತ್ತಮೂರು.
ಬಸ್ಸಿಗಿರುವುದು ನಲವತ್ತೊಂಬತ್ತೇ ಸೀಟು.
ನಾಲ್ವರನ್ನು ಪ್ಲಾಸ್ಟಿಕ್ ಸ್ಟೂಲಿಗೆ ಕೂರಿಸಿ
ಮಂತ್ರಾಲಯದ ತನಕ ಕೈ ಮುಗಿದೆ,
ಕರ್ನೂಲಿನ ತನಕ ದಬಾಯಿಸಿದೆ.

ಕಿಟಕಿ ಎಲ್ಲರಿಗೂ ಬೇಕು,
ಕಿಟಕಿ ಸಿಕ್ಕವರಿಗೆ ಗಾಳಿ ಬೇಡ.
ಮುದಗಲ್ಲಿನ ಸಂಗಮ್ಮನಿಗೆ ಟೈರಿನ ಮೇಲಿನ ಸೀಟು ಆಗದು,
ಅವಳ ನಾದಿನಿಗೆ ಸಂಗಮ್ಮನ ಪಕ್ಕ ಆಗದು.
ಕೊಡೈಕನಾಲಿನ ಮೂರನೇ ತಿರುವಿನಲ್ಲಿ ಇಬ್ಬರೂ
ಒಂದೇ ಕವರಿಗೆ ಬಾಗಿ, ಒಂದೇ ನಿಂಬೆಹಣ್ಣು ಮೂಸಿ
ಹನ್ನೆರಡು ವರ್ಷದ ಮಾತು ಮತ್ತೆ ಶುರುಮಾಡಿದರು.
ಇದಕ್ಕೆ ನನಗೆ ಯಾರೂ ದುಡ್ಡು ಕೊಡಲಿಲ್ಲ.

ಡ್ರೈವರ್ ಶಂಶಾಲಂ ಮಾತು ಕಡಿಮೆ.
ಗುಡಿ ಬಂದರೆ ಅವನು ಚಪ್ಪಲಿ ಕಾಯುತ್ತಾನೆ,
ನಾಗೂರು ದರ್ಗಾದಲ್ಲಿ ಅವನ ಚಪ್ಪಲಿ ನಾನು.
"ಮಾಲಕ್, ಲೆಕ್ಕ ಬರೋಬರಿ ಐತೇನು?"
ಎಂಜಿನ್ ಚಾಲೂ ಮಾಡುವ ಮುಂಚೆ ಇದೊಂದೇ ಪ್ರಶ್ನೆ.
ಕತ್ತಲಲ್ಲಿ ಟಾರ್ಚು ಹಿಡಿದು ಎಣಿಸುತ್ತೇನೆ
ಬಾಯಿ ತೆರೆದು ಮಲಗಿದವರನ್ನು,
ಮಫ್ಲರಿನೊಳಗೆ ಮುಖವೇ ಇಲ್ಲದವರನ್ನು.
ಒಂದು ಕಡಿಮೆ.
ಯಾವಾಗಲೂ ಒಂದು ಕಡಿಮೆ.

ಮಧುರೆಯಲ್ಲಿ ಎರಡು ತಾಸು ಹುಡುಕಿದೆವು,
ನಲವತ್ತು ವರ್ಷ ಊರೆಲ್ಲ ಕಾಗದ ಮುಟ್ಟಿಸಿ ರಿಟೈರಾದ
ಪೋಸ್ಟ್‌ಮ್ಯಾನ್ ತಾಯಪ್ಪನವರನ್ನು.
ಮೈಕಿನಲ್ಲಿ ಕೂಗಿಸಿದೆ; ತಮಿಳರ ಬಾಯಲ್ಲಿ
ಆ ಹೆಸರು ಯಾರದೋ ಆಗಿ ಕೇಳಿಸಿತು.
ಸಿಕ್ಕಿದ್ದು ಬೀದರದವರ ಬಸ್ಸಿನಲ್ಲಿ,
ಅವರ ಪುಳಿಯೋಗರೆ ಉಣ್ಣುತ್ತಾ.
"ನಿಮ್ಮ ಗೂಳಪ್ಪನ ಅಡಗಿಗಿಂತ ಚೊಲೊ ಐತಿ ಬಿಡು."
ಗೂಳಪ್ಪ ಕೇಳಿಸಿಕೊಂಡ.
ಮರುದಿನದ ಸಾರಿಗೆ ಉಪ್ಪಿರಲಿಲ್ಲ.

ತುರ್ವಿಹಾಳದ ಅಯ್ಯಮ್ಮ, ಮೂವತ್ತೊಂದು.
ಭತ್ತ ನಾಟಿಯ ಕೂಲಿಯನ್ನು
ಹನ್ನೊಂದು ಕಂತಿನಲ್ಲಿ ತಂದು ಕೊಟ್ಟವಳು,
ಪ್ರತಿ ಸಲವೂ ಎದುರಿಗೇ ಎಣಿಸಿ.
ಕಿಟಕಿ ಕೇಳಲಿಲ್ಲ, ಚಹಾ ಕೇಳಲಿಲ್ಲ,
ಏನು ಹೇಳಿದರೂ "ಹೂಂ ರೀ".
ಧನುಷ್ಕೋಟಿಯಲ್ಲಿ ಎಲ್ಲರೂ ಕಿರುಚಿ, ಮುಳುಗಿ,
ಒಬ್ಬರ ಉಂಗುರ ಹೋಗಿ, ಅದಕ್ಕೂ ನಾನೇ ಕಾರಣವಾಗಿ
ಗದ್ದಲ ನಡೆದಿರುವಾಗ
ಸೀರೆ ಎತ್ತಿ ಕಟ್ಟಿ, ನಾಟಿಗೆ ಇಳಿದವಳ ಹಾಗೆ
ಮೀನಗಂಡದ ನೀರಲ್ಲಿ ನಿಂತಿದ್ದಳು.

"ಯಪ್ಪಾ, ಇದರ ಗೇಟು ಯಾರ ಕೈಯಾಗ ಐತಿ?"
"ಯಾರ ಕೈಯಾಗೂ ಇಲ್ಲಬೇ."
"ಕೆನಾಲ್ ಲಸ್ಕರ?"
"ಅವನೂ ಇಲ್ಲ."
ಬಹಳ ಹೊತ್ತು ಸುಮ್ಮನಿದ್ದಳು.
"ಹಂಗಾರ ನಮ್ಮ ಪಾಳಿ ಯಾವಾಗ ಅಂತ
ಯಾರನ್ನೂ ಕೇಳಂಗಿಲ್ಲ ಇಲ್ಲಿ."
ಆಮೇಲೆ ನಕ್ಕಳು. ಆರು ದಿನದಲ್ಲಿ ಮೊದಲ ಸಲ.
ನಗುತ್ತ ನಗುತ್ತ ನೀರಲ್ಲೇ ಕೂತುಬಿಟ್ಟಳು,
ಸಂಗಮ್ಮ, ನಾದಿನಿ ಇಬ್ಬರೂ ಬಂದು
ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಡೀಸೆಲ್ಲು, ಟೋಲು, ಸೇಲಂ ಹತ್ತಿರ ಸಿಡಿದ ಟೈರು,
ಉಂಗುರದವರಿಗೆ ಬಿಟ್ಟುಕೊಟ್ಟ ಬಾಕಿ.
ಕಳೆದು ಕೂಡಿ ಉಳಿದದ್ದು ನಾಲ್ಕು ಸಾವಿರದ ಇನ್ನೂರು.
ಅದರಲ್ಲಿ ಟೈಲರನ ಬಾಡಿಗೆ ಎರಡು ತಿಂಗಳದು.
ಮನೆಯಲ್ಲಿ ನಡುರಾತ್ರಿ ಎಚ್ಚರಾಗಿ
ಮಲಗಿದವರ ಮೇಲೆ ಟಾರ್ಚು ಬಿಟ್ಟೆ;
"ಎಲ್ಲಾರೂ ಇದೀವಿ, ಮಕ್ಕೋರಿ" ಅಂದಳು ಹೆಂಡತಿ.

ಬಸ್ಸು ತೊಳೆಯುವಾಗ ಸಿಕ್ಕಿದ್ದು
ಒಂಟಿ ಚಪ್ಪಲಿ, ಯಾರದೋ ಕನ್ನಡಕ, ಅರ್ಧ ಕಡಕ್ ರೊಟ್ಟಿ,
ಮೂವತ್ತೊಂದರ ಕೆಳಗೆ ಒಂದು ಹಿಡಿ ಮರಳು.
ಕ್ಲೀನರ್ ಹುಡುಗ ಪೊರಕೆ ಎತ್ತಿದ. ತಡಿ ಅಂದೆ.
ಯಾಕೆಂದು ಅವನೂ ಕೇಳಲಿಲ್ಲ, ನನಗೂ ತಿಳಿಯಲಿಲ್ಲ.
ಆಮೇಲೆ, ಗುಡಿಸು ಅಂದೆ.

ಅಷ್ಟರಲ್ಲಿ ತಾಯಪ್ಪನವರ ಫೋನು:
"ಕಾಶಿ ಯಾವಾಗ? ನನಗ ಕಿಟಕಿ.
ಅಡಗಿಯವನ್ನ ಬದಲು ಮಾಡು."
ಬರೆದುಕೊಂಡೆ,
ಪೆನ್ಸಿಲ್ಲಿನಲ್ಲಿ.